ಬೇಡವೆಂದು ಕಟ್ಟಿಟ್ಟ ಗ್ರಹ

ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ರಾಮದುರ್ಗದಲ್ಲಿ ಮಗ್ಗಕ್ಕೆ ಕೂತವಳು ನಾನು. ತಂಗಿ ಓದಿದಳು, ಸವದತ್ತಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ರವಿವಾರ ಮನೆಗೆ ಬಂದರೆ ಅವಳ ಚೀಲದ ತುಂಬ ಕಾಗದ. ದೂರದ ನಕ್ಷತ್ರಗಳ ಬೆಳಕನ್ನು ಅಳೆದು ಎಳೆದ ಗೆರೆಗಳು, ಹಾಳೆಗೊಂದು ನಕ್ಷತ್ರ. ಗ್ರಹ ಮುಂದೆ ಹಾದುಹೋದರೆ ನಕ್ಷತ್ರದ ಬೆಳಕು ಚೂರು ಕಡಿಮೆಯಾಗಿ ಗೆರೆ ತಗ್ಗುತ್ತದಂತೆ. ವಿಜ್ಞಾನಿಗಳ ಗುಂಪೊಂದು ಗೆರೆ ನೋಡುವ ಕೆಲಸವನ್ನು ಇವಳಂಥ ಹವ್ಯಾಸಿಗಳಿಗೆ ಹಂಚಿತ್ತು. ಹೊಸ ಗ್ರಹ ಸಿಕ್ಕರೆ ಮೊದಲು ಕಂಡವರ ಹೆಸರು ವರದಿಯಲ್ಲಿ ಬರುತ್ತಿತ್ತು. ಅವಳಿಗೆ ಬೇಕಿದ್ದದ್ದು ಅದೊಂದೇ.

ಒಂದು ಮಧ್ಯಾಹ್ನ ಅರ್ಧ ಕಟ್ಟು ನನ್ನ ಮುಂದಿಟ್ಟಳು.

"ಅಕ್ಕಾ, ತಗ್ಗು ಕಂಡದ್ದನ್ನೆಲ್ಲಾ ಬ್ಯಾರೆ ಇಡು. ಅದು ಏನು ಅಂತ ನಾ ನೋಡತೇನಿ. ನಿನ್ನ ಕಣ್ಣು ನನ್ನಕಿಂತ ಚೊಲೊ ಅದಾವು. ಪಗಾರ ಮಾತ್ರ ಕೇಳಬ್ಯಾಡ."

"ಚಾ ಆದರೂ ಮಾಡಿಕೊಡ್ತಿಯೋ ಇಲ್ಲೋ?" ಅಂದೆ.

ವಾರವೆಲ್ಲ ನೇಯ್ದು ಬೆನ್ನು ಹಿಡಿದಿತ್ತು. ಕಟ್ಟು ಮುಗಿದರೆ ಸಾಕಾಗಿತ್ತು. ಒಂದು ಹಾಳೆಯಲ್ಲಿ ನಾಲ್ಕು ತಗ್ಗುಗಳು, ಎಲ್ಲ ಒಂದೇ ಆಳ, ಒಂದೇ ಅಂತರ. ಬಟ್ಟೆಯಲ್ಲಿ ಎಲ್ಲೋ ಒಂದು ಕಡೆ ಕಲೆ ಬಿದ್ದರೆ ಅದು ನೂಲಿನ ತಪ್ಪು. ಸಮ ಅಂತರದಲ್ಲಿ ಮರಳಿ ಮರಳಿ ಬಿದ್ದರೆ ಮಗ್ಗದ್ದು, ಯಾವುದೋ ಗಾಲಿಯ ಹಲ್ಲು ಸವೆದಿರುತ್ತದೆ. ಇದೂ ಅಳೆಯುವ ಯಂತ್ರದ ದೋಷ ಎಂದು ನಾನೇ ತೀರ್ಮಾನಿಸಿ ಹಾಳೆಯನ್ನು ಬೇಡವಾದವುಗಳಲ್ಲಿ ಸೇರಿಸಿದೆ. ಅವಳನ್ನು ಕೇಳಲಿಲ್ಲ. ಅವಳು ತಾನು ಬೇಡವೆಂದ ಹಾಳೆಗಳನ್ನೂ ನನ್ನವುಗಳ ಜೊತೆ ಸೇರಿಸಿ ಒಂದೇ ಕಟ್ಟು ಕಟ್ಟಿಟ್ಟಳು, ಮತ್ತೆ ಬಿಚ್ಚಲಿಲ್ಲ.

ಕೆಲವು ತಿಂಗಳ ಮೇಲೆ ಅದೇ ನಕ್ಷತ್ರಕ್ಕೆ ಬೇರೆ ಯಾರೋ ಗ್ರಹ ಕಂಡುಹಿಡಿದರು. ನಮ್ಮ ಸೂರ್ಯನಂಥದೇ ನಕ್ಷತ್ರ, ಗುರುವಿನಷ್ಟು ದೊಡ್ಡ ಗ್ರಹ. ತಪ್ಪದೆ ಅಷ್ಟಷ್ಟೇ ದಿನಕ್ಕೆ ಸುತ್ತಿ ಬರುವುದರಿಂದಲೇ ತಗ್ಗುಗಳು ಸಮ ಅಂತರದಲ್ಲಿದ್ದವು. ತಂಗಿ ಹಳೆಯ ಕಟ್ಟು ಬಿಚ್ಚಿ ಹಾಳೆ ಹುಡುಕಿ ತೆಗೆದಳು.

"ಯಾವ ಧ್ಯಾನದಾಗ ಇದನ್ನ ಒಗದೆನೋ ಏನೋ," ಅಂದಳು. ಒಗೆದವಳು ತಾನೇ ಎಂದು ನಂಬಿದ್ದಳು.

ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ.

ಆಮೇಲೆ ಅವಳು ಗುಂಪಿಗೆ ಪತ್ರ ಬರೆದಳು: ನನ್ನ ಕಣ್ಣು ಈ ಕೆಲಸಕ್ಕೆ ಸಾಲದು, ನನ್ನ ಪಾಲಿನ ನಕ್ಷತ್ರಗಳನ್ನು ಬೇರೆಯವರಿಗೆ ಕೊಡಿ. ಕಳಿಸುವ ಮುಂಚೆ ನನಗೆ ಕನ್ನಡದಲ್ಲಿ ಓದಿ ಹೇಳಿದಳು.

"ಹೆಂಗೈತಿ?"

"ಚೊಲೊ ಬರದಿ," ಅಂದೆ.

ಅವಳು ಕಳಿಸಿಬಿಟ್ಟಳು.