ತೆನೆಗೆ ಹೊಲಿದ ಅಂಗಿ

ನನ್ನಿಂದ ಪದವಿ ಆಗದು ಎಂದು ಮೊದಲು ಹೇಳಿದವಳು ನಮ್ಮ ಗಂಗತ್ತೆ, ಅಪ್ಪನ ಅಕ್ಕ. ಹೇಳಿದ್ದು ಹುಮನಾಬಾದಿನ ನಮ್ಮ ಮನೆಯ ಒಲೆಯ ಮುಂದೆ, ಕೆಂಡದ ಮೇಲೆ ಮೆಕ್ಕೆಜೋಳದ ತೆನೆ ಹೊರಳಿಸುತ್ತ. “ಇಂವ ಡಿಗ್ರಿ ಮಾಡಂಗಿಲ್ಲ, ಬೇಕಾದ್ರ ಬರಕೊಳ್ರಿ,” ಅಂದಳು. ಬರೆದುಕೊಳ್ಳಲು ಬರುತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ.

ಅವಳ ಮಾತಿಗೆ ಆಧಾರವಿರಲಿಲ್ಲ ಎನ್ನಲಾರೆ. ನಲವತ್ತರ ದಶಕದ ಮೊದಲ ವರ್ಷಗಳವು. ಹೈದರಾಬಾದಿನ ಕಾಲೇಜಿನಲ್ಲಿ ವಿಜ್ಞಾನದ ಪಾಠವೆಲ್ಲ ಉರ್ದುವಿನಲ್ಲಿ. ನಾನು ಕಿವಿಯಲ್ಲಿ ಉರ್ದು ಕೇಳಿ, ತಲೆಯಲ್ಲಿ ಕನ್ನಡ ಮಾಡಿಕೊಂಡು, ಮತ್ತೆ ಕೈಯಲ್ಲಿ ಉರ್ದು ಬರೆಯುವಷ್ಟರಲ್ಲಿ ಗಂಟೆ ಬಾರಿಸಿಬಿಡುತ್ತಿತ್ತು. ಕೊನೆಯ ವರ್ಷ ಸಸ್ಯಶಾಸ್ತ್ರದಲ್ಲಿ ನಪಾಸಾದೆ. ಒಕ್ಕಲುತನದ ಮನೆಯ ಹುಡುಗ ಗಿಡದ ವಿಷಯದಲ್ಲೇ ನಪಾಸಾಗಿ ಮನೆಗೆ ಬಂದರೆ ಯಾರು ತಾನೇ ನಗುವುದಿಲ್ಲ? ಅಪ್ಪ ನಗಲಿಲ್ಲ. “ಸಾಕಿನ್ನ,” ಅಂದ, ಅಷ್ಟೆ. ಮರುದಿನ ನಾನು ಕುಂಟೆ ಹೊಡೆಯಲು ಹೋದೆ.

ನಮ್ಮ ಮನೆಯಲ್ಲಿ ಬೀಜ ಆರಿಸುವ ಅಧಿಕಾರ ಗಂಗತ್ತೆಯದು. ಕೊಯ್ಲಿಗೆ ಮೊದಲು ಅವಳು ಒಬ್ಬಳೇ ಜೋಳದ ಹೊಲಕ್ಕಿಳಿದು, ಒತ್ತಾಗಿ ಕಾಳು ಕಟ್ಟಿದ, ಹುಳು ಮುಟ್ಟದ, ದಂಟು ಬಾಗದ ತೆನೆಗಳನ್ನು ಹುಡುಕಿ, ಒಂದೊಂದಕ್ಕೂ ಹಳೆಯ ಸೀರೆಯ ಚಿಂದಿ ಕಟ್ಟಿ ಬರುತ್ತಿದ್ದಳು. ಚಿಂದಿ ಕಟ್ಟಿದ ತೆನೆಗೆ ಕುಡುಗೋಲು ಹಾಕುವ ಧೈರ್ಯ ಅಪ್ಪನಿಗೂ ಇರಲಿಲ್ಲ. ಅವನ್ನು ಅವಳೇ ಕೊಯ್ದು, ಒಲೆಯ ಹೊಗೆಗೆ ತೂಗುಹಾಕಿ, ಆಮೇಲೆ ಬೂದಿ ಬೆರೆಸಿ ಗಡಿಗೆಯಲ್ಲಿ ಮುಚ್ಚಿಡುತ್ತಿದ್ದಳು.

ಮೆಕ್ಕೆಜೋಳಕ್ಕೂ ಅವಳದು ಇದೇ ಶಾಸ್ತ್ರ. ಆ ಬೀಜ ಬಂದದ್ದು ಅವ್ವನ ತವರಾದ ಕಲ್ಯಾಣಿಯಿಂದ. ಈಗ ನೀವು ಬಸವಕಲ್ಯಾಣ ಎನ್ನುತ್ತೀರಲ್ಲ, ಅದೇ ಊರು. ಹಾಲಿನಷ್ಟು ಬಿಳಿಯ ಕಾಳು. ನಾನು ನಪಾಸಾದ ವರ್ಷ ಹಿತ್ತಲಲ್ಲಿ ಅದನ್ನೇ ಬಿತ್ತಿದ್ದೆವು. ತೆನೆ ಸುಲಿದರೆ ಬಿಳಿಯ ನಡುನಡುವೆ ಹಳದಿ ಕಾಳು! ಗಂಗತ್ತೆ ತೆನೆಯನ್ನು ಅವ್ವನ ಮುಂದೆ ಹಿಡಿದಳು.

“ನೀಲಮ್ಮ, ನಿನ್ನ ತವರಮಂದಿ ಬೀಜದಾಗ ಕಲಬೆರಕಿ ಮಾಡಿ ಕಳಸ್ಯಾರ ನೋಡು. ಬೀಜಾ ಕೊಡೂದ್ರಾಗ ಮೋಸಾ ಮಾಡೋ ಮಂದಿ ಮಗಳನ್ನ ಹ್ಯಾಂಗ ಕೊಟ್ಟಾರೋ!”

ಅವ್ವ ಆ ದೀಪಾವಳಿಗೆ ತವರಿಗೆ ಹೋಗಲಿಲ್ಲ.

ಹಳದಿ ಕಾಳಿನ ಕಾರಣ ನನಗೆ ಗೊತ್ತಿತ್ತು. ಯಾವ ಪುಸ್ತಕದಲ್ಲಿ ನಪಾಸಾಗಿದ್ದೆನೋ ಅದರಲ್ಲೇ ಇತ್ತು. ಗೋಡೆಯಾಚೆ ಪಕ್ಕದ ಹಿತ್ತಲಿನವರು ಹಳದಿ ಮೆಕ್ಕೆಜೋಳ ಹಾಕಿದ್ದರು. ನಮ್ಮ ಜೋಳದ ತೆನೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಆದ್ದರಿಂದ ತೆನೆ ನೋಡಿ ಆರಿಸಿದರೆ ಸಾಕು. ಮೆಕ್ಕೆಜೋಳ ಹಾಗಲ್ಲ. ಗಂಡು ಹೂವು ಗಿಡದ ನೆತ್ತಿಯ ಮೇಲೆ, ತೆನೆ ಸೊಂಟದಲ್ಲಿ. ತೆನೆಯ ತುದಿಗೆ ಇಳಿಬಿದ್ದ ರೇಷ್ಮೆಯ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುವ ದಾರಿ. ಆ ದಾರಿಯಲ್ಲಿ ಗಾಳಿ ಯಾರ ಪರಾಗವನ್ನು ಕಳಿಸಿದರೂ ಕಾಳು ಬೇಡವೆನ್ನದು.

ಇದನ್ನೆಲ್ಲ ಒಲೆಯ ಮುಂದೆ ಬಿಡಿಸಿ ಹೇಳಿದೆ. ಗಂಗತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ತೆನಿಗೂ ಅಪ್ಪ ಇರ್ತಾನಂತ! ಅದೂ ಗ್ವಾಡಿ ಜಿಗಿದು ಬರ್ತಾನಂತ! ಇದನ್ನ ಬರದ ಮ್ಯಾಲ ನಪಾಸ್ ಮಾಡದ ಏನ್ ಮಾಡ್ತಾರೋ ತಮ್ಮಾ?”

ಅಪ್ಪ ಮಾತ್ರ ನಗದೆ ಹೇಳಿದ: “ಮುಂದಿನ ಮಳಿಗಾಲಕ್ಕ ಮಾಡಿ ತೋರ್ಸು. ಖರೇ ಆಯ್ತಂದ್ರ ಪರೀಕ್ಷಾಕ್ಕ ಹೋಗು. ಸುಳ್ಳಾಯ್ತಂದ್ರ ಪುಸ್ತಕಾ ಕಟ್ಟಿಡು.”

ಹೀಗೆ ನನ್ನ ಪದವಿಯೂ ಅವ್ವನ ತವರಿನ ಮಾನವೂ ಹಿತ್ತಲಿನ ನಾಲ್ಕು ಸಾಲು ಗಿಡಗಳ ಮೇಲೆ ನಿಂತವು.

ಆ ವರ್ಷ ಕುಂಟೆಯ ಹಿಂದೆ ನಡೆಯುತ್ತ ನಾನು ಯೋಚಿಸಿದ್ದು ಹೆಚ್ಚಾಗಿ ಇದನ್ನೇ. ಮೆಕ್ಕೆಜೋಳ ಕಾಡಿನಲ್ಲಿ ಎಲ್ಲಿಯೂ ತಾನಾಗಿ ಬೆಳೆಯುವುದಿಲ್ಲ, ಗೆಳೆಯರೆ. ಕಾಳೆಲ್ಲ ಸಿಪ್ಪೆಯೊಳಗೆ ಬಿಗಿಯಾಗಿ ಕೂತಿರುತ್ತವೆ. ತೆನೆ ನೆಲಕ್ಕೆ ಬಿದ್ದರೆ ಮೊಳಕೆಗಳು ಒಂದರ ಕುತ್ತಿಗೆ ಒಂದು ಹಿಸುಕುತ್ತವೆ. ಸುಲಿದು, ಬಿಡಿಸಿ, ಬಿತ್ತುವ ಕೈ ಇಲ್ಲದೆ ಅದಕ್ಕೆ ಬದುಕಿಲ್ಲ. ಸಮುದ್ರದಾಚೆಯ ದೂರದ ನಾಡೊಂದರ ಬೆಟ್ಟದ ಇಳಿಜಾರಿನಲ್ಲಿ ಅದರ ಪೂರ್ವಜ ಒಂದು ಬಡ ಹುಲ್ಲು. ಬೆರಳುದ್ದದ ತೆನೆ, ಕಲ್ಲಿನಂಥ ಚಿಪ್ಪಿನೊಳಗೆ ನಾಲ್ಕಾರು ಕಾಳು, ಹಣ್ಣಾದರೆ ಉದುರಿ ಹೋಗುವಂಥವು. ಅಲ್ಲಿ ಯಾರೋ ಉದುರದೆ ನಿಂತ ಕಾಳನ್ನು ಕಂಡು, ಉಣ್ಣದೆ ಎತ್ತಿಟ್ಟರು. ಅವರ ಮಕ್ಕಳೂ ಎತ್ತಿಟ್ಟರು. ಹೀಗೆ ಸಾವಿರಾರು ವರ್ಷ. ಹಸಿದಾಗ ಬೀಜದ ಗಡಿಗೆಗೆ ಕೈ ಹಾಕದ ಎಷ್ಟು ಜನ ಗಂಗತ್ತೆಯರು ಬೇಕಾಗಿದ್ದಿರಬೇಕು! ಅವರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ನನ್ನನ್ನು ಅಕ್ಷರಕ್ಕೆಂದು ಎತ್ತಿಟ್ಟವರೂ ಹೆಬ್ಬೆಟ್ಟಿನವರೇ ಅಲ್ಲವೇ ಎಂದು ಹೊಳೆದ ದಿನ ನನ್ನ ಸೋಲಿನ ನಾಚಿಕೆ ಅರ್ಧ ಇಳಿಯಿತು.

ಮಳೆಗಾಲ ಬಂತು. ಪಕ್ಕದ ಹಿತ್ತಲಲ್ಲಿ ಮತ್ತೆ ಹಳದಿ, ನಮ್ಮಲ್ಲಿ ಅದೇ ಕಲ್ಯಾಣಿಯ ಬಿಳಿ. ಅವ್ವ ದಪ್ಪ ಬಟ್ಟೆಯಲ್ಲಿ ಐದು ಪುಟ್ಟ ಚೀಲ ಹೊಲಿದುಕೊಟ್ಟಳು. ರೇಷ್ಮೆ ಹೊರಬೀಳುವ ಮೊದಲೇ ಐದು ತೆನೆಗಳಿಗೆ ಅವನ್ನು ತೊಡಿಸಿ ಕಟ್ಟಿದೆ.

“ತೆನಿಗಿ ಅಂಗಿ ಆಯ್ತು,” ಗಂಗತ್ತೆ ಕೂಗಿದಳು. “ಟೊಪಗಿ ಯಾವಾಗ ಹೊಲಸ್ತಿ?”

ರೇಷ್ಮೆ ಬಂದ ಮೇಲೆ, ಗಾಳಿಯಿಲ್ಲದ ಮುಂಜಾವಿನಲ್ಲಿ ನಮ್ಮದೇ ಗಿಡಗಳ ಪರಾಗವನ್ನು ಕಾಗದದ ಮೇಲೆ ಕೊಡವಿಕೊಂಡು ಆ ಎಳೆಗಳಿಗೆ ಉದುರಿಸಿ, ಮತ್ತೆ ಕಟ್ಟಿದೆ. ಎರಡು ದಿನ ಹಾಗೆಯೇ ಮಾಡಿದೆ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ, ಕಾಯುವುದೊಂದೇ.

ತೆನೆ ಬಲಿತ ದಿನ ಗಂಗತ್ತೆ ಯಾರಿಗೂ ಮುಟ್ಟಗೊಡದೆ ತಾನೇ ಸುಲಿಯಲು ಕೂತಳು. ಅಂಗಿಯಿಲ್ಲದ ತೆನೆಗಳಲ್ಲಿ ಹಳದಿ ಇಣುಕಿತು. ಅಂಗಿ ತೊಟ್ಟವು ಐದೂ ಬಿಳಿ. ನನ್ನ ಕೈ ಒರಟಾದ್ದರಿಂದ ಅಲ್ಲಲ್ಲಿ ಕಾಳು ಕಟ್ಟದೆ ಬೊಚ್ಚುಬಾಯಿಯಾಗಿದ್ದವು, ನಿಜ. ಆದರೆ ಒಂದೇ ಒಂದು ಹಳದಿ ಕಾಳಿಲ್ಲ. ಅವಳು ಐದನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅವ್ವನ ಮುಖ ನೋಡದೆಯೇ ಅಂದಳು: “ಇದ್ರಾಗ ಎರಡು ತೆನಿ ಕಲ್ಯಾಣಿಗಿ ಒಯ್ಯಿ ನೀಲಮ್ಮ. ಈ ದೀಪಾವಳಿಗಿ ನೀನೇ ಹೋಗಿ ಕೊಟ್ಟು ಬಾ.”

ಅಪ್ಪ ನನ್ನ ಕಡೆ ತಿರುಗಿ, “ಪುಸ್ತಕಾ ಬಿಚ್ಚು,” ಅಂದ.

ಮುಂದಿನ ಬೇಸಿಗೆಯಲ್ಲಿ ಪರೀಕ್ಷೆ ಕೊಟ್ಟೆ, ಪಾಸಾದೆ. ಪದವಿಪತ್ರ ತೆಗೆದುಕೊಂಡು ಹೈದರಾಬಾದಿನ ಮೋಟಾರಿನಿಂದ ಇಳಿದವನು ನೇರ ಮನೆಗೆ ಬಂದು ಅದನ್ನು ಗಂಗತ್ತೆಯ ಕೈಯಲ್ಲಿಟ್ಟೆ. ಅವಳು ಕೈಯನ್ನು ಎರಡು ಸಲ ಸೆರಗಿಗೆ ಒರೆಸಿಕೊಂಡು ಹಿಡಿದಳು.

“ನಿನ್ನ ಹೆಸರು ಎಲ್ಲಿ ಅದ?” ತೋರಿಸಿದೆ.

“ನಿಮ್ಮಪ್ಪಂದು?” ಅದನ್ನೂ ತೋರಿಸಿದೆ.

“ನೀಲಮ್ಮಂದು?”

“ತಾಯಿ ಹೆಸರು ಬರಿಯಂಗಿಲ್ಲ ಅತ್ತಿ.”

ಗಂಗತ್ತೆ ಬಾಗಿಲಲ್ಲಿ ನಿಂತಿದ್ದ ಅವ್ವನ ಬಳಿಗೆ ಹೋಗಿ ಆ ಕಾಗದವನ್ನು ಅವಳ ಕೈಗೆ ಕೊಟ್ಟಳು.

“ಇಷ್ಟು ಓದಿದ ಮಂದಿ,” ಅಂದಳು, “ಅರ್ಧಾನೇ ಬರದು ಬಿಟ್ಟಾರ ನೋಡವ್ವಾ.”