ತಸ್ಲೀಮಾ ಡಾಕ್ಟರಿಗೆ ಸಿಕ್ಕ ರಿಯಾಯಿತಿ

ಇಳಕಲ್ಲಿನ ತಸ್ಲೀಮಾ ಬಾಗಲಕೋಟೆ ನವನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ ಮೇಜಿನ ಮೇಲೆ ಮಲಗಿದವರ ಉಸಿರು, ನಾಡಿಗಳನ್ನು ಕಾಯುತ್ತ ವರ್ಷಗಳನ್ನೇ ಕಳೆದ ಆಕೆಗೆ ಎಲ್ಲ ಸರಿಯಿದೆ ಎನಿಸಿದಾಗಲೇ ಭಯ ಹೆಚ್ಚು. ತರಕಾರಿಯವನು ಕೇಳುವ ಮೊದಲೇ ದರ ಇಳಿಸಿದರೆ, ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುವ ಹೆಂಗಸು.

ಒಂದು ಬೆಳಿಗ್ಗೆ, ರಾತ್ರಿಯಿಡೀ ಹೆರಿಗೆಯ ಆಪರೇಷನ್‌ಗಳಲ್ಲಿ ನಿಂತು, ಮನೆಗೂ ಹೋಗದೆ ಮತ್ತೆ ಹಗಲಿನ ಕೆಲಸಕ್ಕಿಳಿದಾಗ ಆಕೆ ಸಿರಿಂಜಿಗೆ ಬೇರೆಯದೇ ಔಷಧಿ ಎಳೆದುಬಿಟ್ಟಳು. ಚುಚ್ಚುವ ಮುನ್ನ ಕಣ್ಣಿಗೆ ಬಿತ್ತು, ಪುಣ್ಯ.

ಆ ವಾರವೇ ಹೆರಿಗೆ ಡಾಕ್ಟರು ಶುಭದಾ ಅವರ ಮನೆಯಲ್ಲಿ ಎಲ್ಲ ಡಾಕ್ಟರರೂ ಸೇರಿದರು. ರಾತ್ರಿ ಆನ್-ಕಾಲ್ ಇದ್ದು ಕರೆ ಬಂದರೆ ಮರುದಿನ ಬಿಡುವು ಬೇಕು. ಅರಿವಳಿಕೆಗೆ ಇನ್ನೊಬ್ಬರು ಬೇಕು. ಆಡಳಿತ ನೋಡುವ ನರಸಿಂಹರಾಯರ ಜೊತೆ ತಸ್ಲೀಮಾ ಮಾತಾಡಬೇಕೆಂದು ಠರಾವಾಯಿತು.

ಮರುದಿನ ಆಕೆ ಬಾಯಿ ತೆರೆಯುವ ಮೊದಲೇ ರಾಯರು ನಕ್ಕರು. “ಬರ್ರಿ ಮೇಡಂ. ಮರುದಿನ ಬಿಡುವು, ಇನ್ನೊಬ್ಬ ಡಾಕ್ಟರು. ಇಷ್ಟ ಹೌದಲ್ರಿ?”

ತಸ್ಲೀಮಾ ಬರೆದು ತಂದಿದ್ದ ಚೀಟಿಯನ್ನು ಮಡಚಿಕೊಂಡಳು. ಇವರಿಗೆ ಹೇಳಿದವರ್ಯಾರು?

“ಒಂದೀಟು ಟೈಮ್ ಕೊಡ್ರಿ, ನೋಡೂಣು” ಎಂದು ರಾಯರು ಚಹಾ ಕುಡಿಸಿ ಕಳಿಸಿದರು.

ಎಲುಬಿನ ಡಾಕ್ಟರು ಕೌಶಿಕ ಎರಡು ಸಲ ರಾಯರ ಕೋಣೆಯಿಂದ ಹೊರಬಂದದ್ದನ್ನು ಆಕೆ ಕಂಡಿದ್ದಳು. ಅವನೇ ಇರಬೇಕು. ಅಂದಿನಿಂದ ಅವನು ಊಟದ ಕೋಣೆಗೆ ಬಂದರೆ ಆಕೆ ಹವೆಯ ಮಾತು ತೆಗೆಯುವಳು. ಶುಭದಾ ಕೂಡ ಇತ್ತೀಚೆಗೆ ಯಾಕೋ ಮುಖ ತಪ್ಪಿಸುತ್ತಿದ್ದಾರಲ್ಲ ಎನಿಸಿತು.

ಕೆಲವು ದಿನಗಳಾದ ಮೇಲೆ ರಾಯರು ಆಕೆಯೊಬ್ಬಳನ್ನೇ ಕರೆಸಿದರು.

“ನಿಮ್ಮ ಮಕ್ಕಳು ಸಣ್ಣವು ಅದಾವ. ನಿಮಗ ರಾತ್ರಿ ಕರಿಯೂದ ಬ್ಯಾಡಂತ ಮಾಡೇನಿ. ಹೊರಗಿನವರನ್ನ ಕರಿಸ್ತೇವಿ. ಆದ್ರ ಯಾರ ಮುಂದೂ ಹೇಳಬ್ಯಾಡ್ರಿ.”

ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಕ್ಕಳ ಮಗ್ಗುಲಲ್ಲಿ ಫೋನಿನ ಭಯವಿಲ್ಲದೆ ಮಲಗುವುದು ಹೇಗಿರುತ್ತದೆಂದೇ ಆಕೆ ಮರೆತಿದ್ದಳು. “ವಿಚಾರ ಮಾಡಿ ಹೇಳ್ತೇನ್ರಿ” ಎಂದು ಎದ್ದಳು. ಬಾಗಿಲಾಚೆ ಕೌಶಿಕ ನಿಂತಿದ್ದ. ತಾನು ಇಷ್ಟು ದಿನ ಅವನನ್ನು ನೋಡುತ್ತಿದ್ದ ಹಾಗೆಯೇ ಅವನು ಆಕೆಯನ್ನು ನೋಡಿದ. ಆ ನೋಟ ಚುಚ್ಚಿತು. ಇವನನ್ನೂ ಹೀಗೇ ಕರೆಸಿರಬಹುದಲ್ಲ ಎಂದು ಆಕೆಗೆ ಆಗ ಹೊಳೆಯಿತು.

ಮಧ್ಯಾಹ್ನ ಊಟದ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ತಸ್ಲೀಮಾ ಡಬ್ಬಿ ಮುಚ್ಚಿದಳು. “ರಾತ್ರಿ ಡ್ಯೂಟಿ ಮಾಫ್ ಮಾಡ್ತೇನಿ ಅಂತ ರಾಯರು ನನಗ ಹೇಳ್ಯಾರ. ಯಾರ ಮುಂದೂ ಹೇಳಬ್ಯಾಡ್ರಿ ಅಂದಾರ. ನಿಮಗ ಏನೇನ ಹೇಳ್ಯಾರ, ಹೇಳ್ರಿ.”

ಕೌಶಿಕ ತಲೆ ತಗ್ಗಿಸಿಯೇ ಹೇಳಿದ: “ನನಗೂ ಅದನ್ನ ಹೇಳ್ಯಾರ ಮೇಡಂ. ನೀವು ಮೊದಲ ಒಪ್ಪೀರಂತ ತಿಳಿದಿದ್ದೆ.”

“ನನಗೂ” ಎಂದರು ಶುಭದಾ, ಕಣ್ಣೊರೆಸಿಕೊಳ್ಳುತ್ತ.

ಅಂದೇ ಸಂಜೆ ಎಲ್ಲರೂ ಒಟ್ಟಿಗೆ ರಾಯರ ಕೋಣೆಗೆ ಹೋದರು. ಕುರ್ಚಿ ಸಾಲದೆ ಅರ್ಧ ಜನ ನಿಂತೇ ಇದ್ದರು. ರಾಯರು ನಗಲಿಲ್ಲ, ಚಹಾ ತರಿಸಲೂ ಇಲ್ಲ. ಮಾತು ಬಿಸಿಯೇರಿ, ಆರಿ, ಮತ್ತೆ ಏರಿತು. ರಾತ್ರಿ ಕರೆ ಬಂದವರಿಗೆ ಮರುದಿನ ಮಧ್ಯಾಹ್ನದವರೆಗೆ ಬಿಡುವು ಸಿಕ್ಕಿತು. ಇನ್ನೊಬ್ಬ ಅರಿವಳಿಕೆ ಡಾಕ್ಟರರ ಮಾತಿಗೆ “ಹುಡುಕ್ತೇವ್ರಿ” ಎಂಬ ಉತ್ತರವಷ್ಟೇ ಬಂತು. ಇನ್ನೂ ಹುಡುಕುತ್ತಲೇ ಇದ್ದಾರೆ.

ಶುಭದಾ ಅವರ ಮನೆಯ ಮಾತನ್ನು ಮೊದಲ ದಿನ ರಾಯರ ಕಿವಿಗೆ ಮುಟ್ಟಿಸಿದವರು ಯಾರೆಂದು ಮಾತ್ರ ತಿಳಿಯಲೇ ಇಲ್ಲ. ಯಾರೂ ಕೇಳಲೂ ಇಲ್ಲ. ತಸ್ಲೀಮಾ ಈಗ ಕೌಶಿಕನ ಜೊತೆ ರೊಟ್ಟಿ ಹಂಚಿಕೊಂಡು ಉಣ್ಣುತ್ತಾಳೆ, ಮನಸಾರೆ ನಗುತ್ತಾಳೆ. ಆದರೂ ಮುಂದಿನ ಮಾತುಕತೆಗೆ ಎಲ್ಲಿ ಸೇರೋಣ ಎಂದು ಯಾರಾದರೂ ಕೇಳಿದರೆ, ಆಕೆ ಒಮ್ಮೆ ಎಲ್ಲರ ಮುಖ ನೋಡುತ್ತಾಳೆ.