ಕಿಟಕಿ ಕಡೆ ತಿರುಗಿದ ಮುಖಗಳು

ನನ್ನ ಸೋದರಮಾವ ಸಂಗಮೇಶ ತೆಗೆದ ಫೋಟೋಗಳಲ್ಲಿ ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಅಷ್ಟೂ ಜನ ಕಿಟಕಿ ಕಡೆ ತಿರುಗಿ ಕೂತಿರುತ್ತಿದ್ದರು. ಒಂದು ಕೆನ್ನೆಗೆ ಬೆಳಕು, ಇನ್ನೊಂದು ಪೂರ್ತಿ ಕತ್ತಲು. ಅದು ತನ್ನ ಸ್ಟೈಲು ಎಂದು ಮಾವ ಹೇಳಿಕೊಳ್ಳುತ್ತಿದ್ದ.

ಇದು ಎರಡು ಸಾವಿರದ ಮೂರರ ಮಾತು. ಇಳಕಲ್ಲಿನಿಂದ ಬಂದ ಮಾವ ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದು ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ. ಜೊತೆಗೆ ಅವನ ತಂಗಿ ರೇಣವ್ವ, ಅಂದರೆ ನಮ್ಮಮ್ಮ. ಆಗಿನ್ನೂ ಅವಳಿಗೆ ಮದುವೆಯಾಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡ ಮೇಲೆ ಮಾವ ಭಾನುವಾರ ಮನೆಯವರಿಗೆ ಸಿಗದಂತಾದ. ಓನರ್ ಆಂಟಿ, ಇಸ್ತ್ರಿ ಅಂಗಡಿಯವರು, ಸಿಕ್ಕವರನ್ನೆಲ್ಲ ಕಿಟಕಿ ಪಕ್ಕ ಕೂರಿಸಿದ. ರೋಲು ತೊಳೆಸಿ ತಂದ ದಿನ ಪ್ರಿಂಟುಗಳನ್ನು ಹಾಸಿಗೆಯ ಮೇಲೆ ಹರವಿಕೊಂಡು ಕೂರುವನು, ಏಳುವನು, ನೀರು ಕುಡಿಯುವನು, ಮತ್ತೆ ನೋಡುವನು. ಚೆನ್ನಾಗಿವೆಯೋ ಇಲ್ಲವೋ ಅವನಿಗೇ ತಿಳಿಯುತ್ತಿರಲಿಲ್ಲ. ಯಾರಾದರೂ ನಿಜ ಹೇಳಲಿ ಅನ್ನುವುದೊಂದೇ ಅವನ ಚಡಪಡಿಕೆ.

ಆಫೀಸಿನ ಗೆಳೆಯ ಮಾಧವನಿಗೆ ತೋರಿಸಿದ.

“ಸಖತ್ ಮಗಾ.”

“ಯಾಕ ಸಖತ್? ಅದರಾಗ ಏನು ಛಲೋ ಐತಿ?”

“ಅದೆಲ್ಲ ನಂಗೊತ್ತಿಲ್ಲ ಗುರು. ಒಂಥರಾ ಇದೆ.”

ಆ ‘ಒಂಥರಾ’ ಅವನನ್ನು ವಾರಪೂರ್ತಿ ತಿಂದಿತು.

ಜಯನಗರದಲ್ಲಿ ಚೂಡಾಮಣಿ ಎಂಬ ರಿಟೈರ್ ಆದ ಲೆಕ್ಚರರ್ ಇದ್ದರು. ಅವರ ಮನೆ ಮಹಡಿಯಲ್ಲಿ ಫೋಟೋ ಹುಚ್ಚಿನವರ ಗುಂಪೊಂದು ಸೇರುತ್ತಿತ್ತು. ಗುಂಪಿನ ಪ್ರದರ್ಶನಕ್ಕೆ ಒಬ್ಬೊಬ್ಬರು ಒಂದು ಭಾವಚಿತ್ರ ಕೊಡಬೇಕು, ಭಾನುವಾರ ಕೊನೆ ದಿನ. ಮಾವನಿಗೆ ಅದು ಮೊದಲ ಪ್ರದರ್ಶನ. ಪ್ರಿಂಟುಗಳನ್ನು ಹಿಡಿದುಕೊಂಡು ನಾಲ್ಕು ದಿನ ಮೊದಲೇ ಹೋದ. ಮೇಡಂ ಕಾಫಿ ಕೊಟ್ಟು, ಒಂದೊಂದಾಗಿ ನೋಡಿ, “ಚೆನ್ನಾಗಿದೆಯಪ್ಪ” ಎಂದರು. ಅವರು ಎಲ್ಲರಿಗೂ ಹಾಗೇ ಹೇಳುವುದನ್ನು ಮಾವ ಕೇಳಿದ್ದ.

“ಮೇಡಂ, ಖರೇ ಹೇಳ್ರಿ. ನನಗ ‘ಚೆನ್ನಾಗಿದೆ’ ಬ್ಯಾಡ.”

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಬೇಜಾರ್ ಮಾಡ್ಕೋಬೇಡಿ. ಇಷ್ಟು ಜನರಲ್ಲಿ ಒಬ್ರೂ ನಿಮ್ಮನ್ನ ನೋಡ್ತಿಲ್ಲ. ನೀವೂ ಅವರನ್ನ ನೋಡಿಲ್ಲ. ಎಲ್ಲಾ ಕೆಲಸ ಆ ಕಿಟಕೀನೇ ಮಾಡಿದೆ.”

“ಅದು ನನ್ನ ಸ್ಟೈಲ್ ಐತ್ರೀ.”

“ಸ್ಟೈಲೋ, ಸಂಕೋಚವೋ? ಯಾರನ್ನಾದ್ರೂ ಎದುರಿಗೆ ಕೂರಿಸಿ ಒಂದಾದ್ರೂ ತೆಗೆದಿದೀರಾ?”

ಮಾವ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಬಸ್ಸು ಹತ್ತುವುದನ್ನೂ ಮರೆತು ಬಿಟಿಎಂವರೆಗೆ ನಡೆದೇ ಬಂದ, ದಾರಿಯುದ್ದಕ್ಕೂ ಮೇಡಂಗೆ ಉತ್ತರ ಕೊಡುತ್ತಾ.

ಮನೆಗೆ ಬಂದರೆ ಓನರ್ ಮನೆ ಫೋನಿಗೆ ಇಳಕಲ್ಲಿನಿಂದ ಅಜ್ಜಿ ದಾನಮ್ಮ. ಗಂಡಿನ ಕಡೆಯವರಿಗೆ ತೋರಿಸಲು ಮಾವನೇ ತಂಗಿಯ ಫೋಟೋ ತೆಗೆದು ಕಳಿಸಿದ್ದ. ಅದೂ ಕಿಟಕಿ ಪಕ್ಕದ್ದೇ.

“ಎಂಥಾ ಫೋಟೋ ಕಳಿಸೀಯೋ ಸಂಗ್ಯಾ? ಅವರು ಕೇಳಾಕತ್ತಾರ, ಹುಡುಗಿದು ಆಚೀ ಕಣ್ಣು ಸರಿ ಐತಿಲ್ಲೋ ಅಂತ.”

ಪಕ್ಕದಲ್ಲೇ ನಿಂತಿದ್ದ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾವನಿಗೆ ಮೈಯೆಲ್ಲ ಉರಿಯಿತು.

“ಅವರಿಗೇನು ತಿಳೀತೈತಿ ಫೋಟೋ ಅಂದ್ರ?”

“ಅಣ್ಣಾ, ಅವರು ಕೇಳಿದ್ದು ತಪ್ಪೇನೈತಿ? ಏನೋ ಮುಚ್ಚಿಟ್ಟಂಗ ಕಾಣ್ತೈತಿ.”

ಒಂದೇ ದಿನ ಎರಡು ಕಡೆಯಿಂದ ಒಂದೇ ಮಾತು. ಮಾವ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಎದ್ದವನೇ ತಂಗಿಯನ್ನು ತಾರಸಿಗೆ ಕರೆದೊಯ್ದು, ಕುರ್ಚಿ ಹಾಕಿ ತನ್ನ ಎದುರಿಗೇ ಕೂರಿಸಿದ. ಅಲ್ಲಿ ಕಿಟಕಿಯೇ ಇರಲಿಲ್ಲ. ಅವಳು ನೆಟ್ಟಗೆ ನೋಡಿದಳು. ಮಾವ ಕ್ಯಾಮೆರಾ ಇಳಿಸಿ ಲೆನ್ಸ್ ಒರೆಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ.

“ಯಾಕ ಅಂಜಾಕತ್ತಿ? ನಾ ಏನು ನಿನ್ನ ಸಾಹೇಬನೇನು?”

“ಸುಮ್ನ ಕುಂದರು. ನಗಬ್ಯಾಡ.”

“ನಗೂದಿಲ್ಲ. ನೀ ಮೊದಲ ಅದನ್ನ ಕೆಳಗಿಟ್ಟು ನನ್ನ ಮಾರಿ ನೋಡು. ಎಷ್ಟು ದಿನಾತು ನೋಡಿ?”

ಮಾವ ನೋಡಿದ. ತಂಗಿಯ ಕಣ್ಣ ಕೆಳಗೆ ಕಪ್ಪಾಗಿತ್ತು. ಬೆಳಕು ಹರಿಯುವ ಮೊದಲೇ ಎದ್ದು ಅಡುಗೆ ಮಾಡಿಟ್ಟು, ಎರಡು ಬಸ್ಸು ಬದಲಿಸಿ ಆಫೀಸಿಗೆ ಹೋಗುವವಳು. ಒಂದೇ ಮನೆಯಲ್ಲಿದ್ದು ಅದು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬೇರೆ ಕಡೆ ನೋಡು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬಟನ್ ಒತ್ತಿದ.

ಭಾನುವಾರ ಚೂಡಾಮಣಿ ಮೇಡಂ ಆ ಪ್ರಿಂಟನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಈ ಸಲ ಚೆನ್ನಾಗಿದೆ ಅನ್ನಲಿಲ್ಲ.

“ಫೋಕಸ್ ಸ್ವಲ್ಪ ಜಾರಿದೆ. ಹಿಂದಿನ ನೀರಿನ ಟ್ಯಾಂಕು ತಲೆ ಮೇಲೆ ಕೂತಂಗಿದೆ. ಆದ್ರೆ ಈ ಹುಡುಗಿ ಯಾರು ಅಂತ ಕೇಳ್ಬೇಕು ಅನ್ಸುತ್ತೆ. ಪ್ರದರ್ಶನಕ್ಕೆ ಕಿಟಕಿದು ಕೊಟ್ರೆ ಜನ ಹೊಗಳ್ತಾರೆ, ಯೋಚ್ನೆ ಮಾಡಿ.”

“ಇದನ್ನ ಹಾಕಿದ್ರ?”

“ತಪ್ಪು ಹುಡುಕ್ತಾರೆ.”

“ಹಂಗಾರ ಇದನ್ನ ಹಾಕ್ರಿ.”

ಗಂಡಿನವರಿಗೂ ಅದೇ ಫೋಟೋ ಹೋಯಿತು. ಆ ಸಂಬಂಧ ಕುದುರಲಿಲ್ಲ, ನಮ್ಮಪ್ಪ ಬೇರೆ ಊರಿನವರು. ಪ್ರದರ್ಶನದ ದಿನ ಮಾವ ಕುರ್ಚಿಯಲ್ಲಿ ಕೂರಲೇ ಇಲ್ಲ, ಕಂಬದ ಹಿಂದೆ ನಿಂತು ಜನರ ಮಾತಿಗೆ ಕಿವಿಗೊಟ್ಟಿದ್ದ. ಸುಮಾರು ಜನ ಹಾಗೇ ದಾಟಿ ಹೋದರು. ಸ್ವೆಟರ್ ಹಾಕಿದ್ದ ಅಂಕಲ್ ಒಬ್ಬರು ಮಾತ್ರ ನಿಂತು, “ಪಾಪ, ಈ ಹುಡುಗಿಗೆ ಎಷ್ಟು ಸುಸ್ತಾಗಿದೆ. ಆದ್ರೆ ಫೋಟೋ ತೆಗೆದೋನಿಗೆ ಬೆಳಕು ನೋಡೋಕೆ ಬರಲ್ಲ” ಎಂದು ಹೆಂಡತಿಗೆ ಹೇಳಿ ಮೆಟ್ಟಿಲಿಳಿದರು.

ಮಾವ ಅವರ ಹಿಂದೆಯೇ ಓಡಿದ. “ಅಂಕಲ್, ಒಂದ ನಿಮಿಷ ನಿಂದರ್ರಿ. ಬೆಳಕು ಎಲ್ಲಿ ತಪ್ಪೈತಿ?”